ವಾದ್ಯದ ಹಿರಿಮೆ ಯಾರದು?

ಎಲ್ಲಕ್ಕಿಂತ ಹಿರಿದು ಯಾವುದು ಎಂದು ಕೇಳುವುದರಲ್ಲಿ ಮನುಷ್ಯನಿಗೆ ಒಂದು ಬಗೆಯ ಸುಖವಿದೆ. ಹಿರಿಯ ಕವಿ ಯಾರು, ಹಿರಿಯ ದೊರೆ ಯಾರು, ಹಿರಿಯ ಮಲ್ಲ ಯಾರು ಎಂದು ಜಗಲಿಯ ಮೇಲೆ ಕುಳಿತು ವಾದಿಸದ ಊರಿಲ್ಲ. ಸಂಗೀತದಲ್ಲಿ ಆಸಕ್ತಿಯುಳ್ಳ ತರುಣರ ನಡುವೆ ಇಂಥದೇ ಒಂದು ವಾದ ಈಚಿನ ದಶಕಗಳಲ್ಲಿ ಮರಳಿ ಮರಳಿ ಏಳುತ್ತಿದೆ. ಇದುವರೆಗೆ ಹುಟ್ಟಿದ ವಿದ್ಯುತ್ ಗಿಟಾರುಗಳಲ್ಲಿ ಯಾವುದು ಎಲ್ಲಕ್ಕಿಂತ 'ಐಕಾನಿಕ್' ಆದುದು ಎಂಬುದೇ ಆ ವಾದ. ಮೇಲುನೋಟಕ್ಕೆ ಇದು ಹುಡುಗಾಟದ ಪ್ರಶ್ನೆಯಾಗಿ ಕಾಣಬಹುದು. ಆದರೆ ಒಂದು ವಸ್ತುವಿಗೆ ನಾವು ಗೌರವವನ್ನು ಸಲ್ಲಿಸುವಾಗ ಆ ಗೌರವ ನಿಜವಾಗಿ ಯಾರಿಗೆ ಸಲ್ಲುತ್ತಿದೆ ಎಂಬ ನೀತಿಯ ಪ್ರಶ್ನೆ ಅದರೊಳಗೆ ಅಡಗಿದೆ. ಆದಕಾರಣ ಅದನ್ನು ತುಸು ನಿಧಾನವಾಗಿ ನೋಡುವುದು ಉಚಿತವೆಂದು ನಮಗೆ ತೋರುತ್ತದೆ.

ಮೊದಲು ಆ ಶಬ್ದವನ್ನೇ ವಿಚಾರಿಸೋಣ. 'ಐಕಾನ್' ಎಂದರೆ ಮೂಲದಲ್ಲಿ ಪೂಜೆಗೆ ಇಟ್ಟ ಪ್ರತಿಮೆ. ನಮ್ಮ ಭಾಷೆಯಲ್ಲಿ 'ಮೂರ್ತಿ' ಎಂದರೆ ಅದರ ಅರ್ಥ ಬಹುಮಟ್ಟಿಗೆ ಬರುತ್ತದೆ. ಮೂರ್ತಿಯ ವಿಷಯದಲ್ಲಿ ನಮ್ಮವರಿಗೆ ಒಂದು ಸೂಕ್ಷ್ಮ ಮೊದಲಿನಿಂದಲೂ ತಿಳಿದಿದೆ. ಶಿಲ್ಪಿಯ ಅಂಗಳದಲ್ಲಿ ಬಿದ್ದಿರುವ ವಿಗ್ರಹ ಎಷ್ಟು ಚೆಲುವಾಗಿದ್ದರೂ ಕಲ್ಲೇ. ಪ್ರಾಣಪ್ರತಿಷ್ಠೆಯಾದ ಮೇಲೆ ಅದು ದೇವರು. ಹಾಗಾದರೆ ಗಿಟಾರಿಗೆ ಪ್ರಾಣಪ್ರತಿಷ್ಠೆ ಮಾಡುವವರು ಯಾರು? ರೂಪಿಸಿದವನೇ, ನುಡಿಸಿದವನೇ, ಕೇಳಿದವರೇ, ಅಥವಾ ಹರಾಜು ಕೂಗಿದವನೇ?

ಇನ್ನೊಂದು ಸೂಕ್ಷ್ಮವೂ ಇದೆ. ನ್ಯಾಯಶಾಸ್ತ್ರದವರು ಜಾತಿ ಮತ್ತು ವ್ಯಕ್ತಿ ಎಂದು ಭೇದ ಮಾಡುತ್ತಾರೆ. ಗೋವು ಎಂಬುದು ಜಾತಿ, ನಮ್ಮ ಕೊಟ್ಟಿಗೆಯ ಕೆಂಪು ಹಸು ವ್ಯಕ್ತಿ. ಗಿಟಾರಿನ ವಾದದಲ್ಲಿ ಕೆಲವರು ಜಾತಿಯನ್ನು ಕುರಿತು, ಎಂದರೆ ಸ್ಟ್ರಾಟೋಕಾಸ್ಟರ್, ಲೆಸ್ ಪಾಲ್ ಎಂಬ ಮಾದರಿಗಳನ್ನು ಕುರಿತು ಮಾತಾಡುತ್ತಾರೆ. ಕೆಲವರು ಇಂಥವನು ಇಂಥ ದಿನ ಹಿಡಿದಿದ್ದ ಒಂದೇ ಒಂದು ವಾದ್ಯವನ್ನು ಕುರಿತು ಮಾತಾಡುತ್ತಾರೆ. ಈ ಎರಡನ್ನು ಬೆರೆಸಿದ್ದರಿಂದಲೇ ಅರ್ಧಕ್ಕರ್ಧ ಜಗಳ ಹುಟ್ಟಿದೆ.

ಈ ವಾದ್ಯ ಹುಟ್ಟಿದ್ದು ಸದ್ದು ಸಾಲದ್ದರಿಂದ. 1920ರ ದಶಕದ ಅಮೆರಿಕದಲ್ಲಿ ನೃತ್ಯಶಾಲೆಗಳು ದೊಡ್ಡವಾದುವು. ತುತೂರಿಗಳೂ ತಮಟೆಗಳೂ ಮೊಳಗುವ ಮೇಳದಲ್ಲಿ ಗಿಟಾರಿನವನ ಬೆರಳಾಡುವುದು ಕಾಣುತ್ತಿತ್ತೇ ಹೊರತು ನಾದ ಕೇಳುತ್ತಿರಲಿಲ್ಲ. ನಮ್ಮಲ್ಲಿಯೂ ಇದೇ ಕೊರತೆ ಇತ್ತೆಂಬುದನ್ನು ಇಲ್ಲಿ ನೆನೆಯಬಹುದು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಕೊನೆಯ ಸಾಲಿನವರಿಗೂ ಕೇಳಲೆಂದು ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಮೂರು ತಂತಿಗಳನ್ನು ಹೆಚ್ಚಿಸಿ ಏಳು ತಂತಿಯ ವಾದ್ಯವನ್ನು ಮಾಡಿಕೊಂಡರು. ಚೌಡಯ್ಯನವರು ತಂತಿಯನ್ನು ಕೂಡಿಸಿದರು. ಅಮೆರಿಕದ ಜಾರ್ಜ್ ಬೋಶಾಂಪ್ ವಿದ್ಯುತ್ತನ್ನು ಕೂಡಿಸಿದ. ಉಕ್ಕಿನ ತಂತಿಯ ಬಳಿ ಅಯಸ್ಕಾಂತವನ್ನೂ, ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿಯನ್ನೂ ಇಟ್ಟರೆ, ತಂತಿ ಕಂಪಿಸಿದಂತೆಲ್ಲ ಸುರುಳಿಯಲ್ಲಿ ವಿದ್ಯುತ್ತು ಅದೇ ಲಯದಲ್ಲಿ ತೊನೆಯುತ್ತದೆ. ಆ ತೊನೆತವನ್ನು ಧ್ವನಿವರ್ಧಕ ದೊಡ್ಡದು ಮಾಡುತ್ತದೆ. ಇದನ್ನೇ ಪಿಕಪ್ ಎನ್ನುವುದು. ಇದರ ಹಿಂದಿರುವ ತತ್ತ್ವವನ್ನು ಫ್ಯಾರಡೆ ಕಂಡುಹಿಡಿದದ್ದು 1831ರಲ್ಲಿ. ಬೋಶಾಂಪನ ಮೊದಲ ಮಾದರಿ ಸಿದ್ಧವಾದದ್ದು 1931ರಲ್ಲಿ. ವಿಜ್ಞಾನದ ಉಪಾಧ್ಯಾಯರು ಈ ನೂರು ವರ್ಷದ ಅಂತರವನ್ನು ತರಗತಿಯಲ್ಲಿ ಒಮ್ಮೆ ಹೇಳಿ ನೋಡಲಿ, ಅಯಸ್ಕಾಂತದ ಪಾಠ ಮಕ್ಕಳಿಗೆ ಬೇಗ ರುಚಿಸೀತು.

ಆ ಮೊದಲ ವಾದ್ಯವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುತ್ತಿದ್ದರು. ಗುಂಡಗಿನ ಒಡಲು, ನೀಳವಾದ ಕತ್ತು. ಜನ ಅದನ್ನು 'ಬಾಣಲೆ' ಎಂದೇ ಕರೆದರು. ರಿಕನ್‌ಬ್ಯಾಕರ್ ಎಂಬ ಹೆಸರಿನಲ್ಲಿ 1932ರಿಂದ ಅದು ಅಲ್ಯೂಮಿನಿಯಮ್ ಎರಕದಲ್ಲಿ ಮಾರಾಟಕ್ಕೆ ಬಂದಿತು. ಬೋಶಾಂಪನಿಗೆ ಅದರ ಹಕ್ಕುಪತ್ರ ದೊರೆತದ್ದು 1937ರಲ್ಲಿ, ಆತ ತೀರಿಕೊಂಡದ್ದು 1941ರಲ್ಲಿ. ಎಲ್ಲಕ್ಕೂ ಮೊದಲಿನದೇ ಎಲ್ಲಕ್ಕೂ ಹಿರಿದು ಎನ್ನುವುದಾದರೆ ವಾದ ಇಲ್ಲಿಯೇ ಮುಗಿಯಬೇಕು. ಆದರೆ ಮುಗಿಯುವುದಿಲ್ಲ. ಬಾಣಲೆಯನ್ನು ತಮ್ಮ ಕೋಣೆಯ ಗೋಡೆಗೆ ಚಿತ್ರವಾಗಿ ಅಂಟಿಸಿಕೊಂಡ ಹುಡುಗರು ವಿರಳ. ಮೂಲಪುರುಷನಿಗೆ ಶ್ರಾದ್ಧ ಸಲ್ಲುತ್ತದೆ, ಉತ್ಸವ ಸಲ್ಲುವುದಿಲ್ಲ.

ಟೊಳ್ಳು ಒಡಲಿನ ಗಿಟಾರಿಗೆ ಪಿಕಪ್ಪನ್ನು ಅಳವಡಿಸಿದಾಗ ಇನ್ನೊಂದು ತೊಡಕು ಕಂಡಿತು. ಧ್ವನಿವರ್ಧಕದಿಂದ ಹೊರಟ ಸದ್ದು ಒಡಲನ್ನು ನಡುಗಿಸಿ, ಆ ನಡುಕ ಮತ್ತೆ ಸದ್ದಾಗಿ, ವಾದ್ಯವೇ ಊಳಿಡುತ್ತಿತ್ತು. ಇದಕ್ಕೆ ಪರಿಹಾರ ಗಟ್ಟಿ ಮರ. ಲೆಸ್ ಪಾಲ್ ಎಂಬ ವಾದಕ 1940ರ ಸುಮಾರಿಗೆ ನಾಲ್ಕಂಗುಲ ದಪ್ಪದ ಒಂದು ಪೈನ್ ತೊಲೆಗೆ ತಂತಿ ಕಟ್ಟಿದ. ಆತನೇ ಹೇಳಿಕೊಂಡಂತೆ, ಬರಿಯ ತೊಲೆಯನ್ನು ಹಿಡಿದು ನುಡಿಸಿದಾಗ ಜನ ಕಿವಿಗೊಡಲಿಲ್ಲ. ಹಳೆಯದೊಂದು ಗಿಟಾರನ್ನು ಸೀಳಿ ಅದರ ಎರಡು ಪಕ್ಕಗಳನ್ನು ತೊಲೆಗೆ ರೆಕ್ಕೆಗಳಂತೆ ಕೂಡಿಸಿ ಅದೇ ಸಂಗೀತವನ್ನು ನುಡಿಸಿದಾಗ ಮೆಚ್ಚಿದರು. ಆ ರೆಕ್ಕೆಗಳಿಂದ ನಾದಕ್ಕೆ ಆಗುವ ಪ್ರಯೋಜನ ಏನೂ ಇರಲಿಲ್ಲ. ಮನುಷ್ಯ ಕಣ್ಣಿನಿಂದಲೂ ಕೇಳುತ್ತಾನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ನಾವು ಕಂಡಿಲ್ಲ. ಮೂರ್ತಿಯ ಪ್ರಶ್ನೆಯಲ್ಲಿ ರೂಪವನ್ನು ಅಲಕ್ಷಿಸುವ ಹಾಗಿಲ್ಲವೆಂಬುದೂ ಇದರಿಂದ ಸಿದ್ಧವಾಗುತ್ತದೆ.

ಜಾತಿಗಳ ವಿಷಯಕ್ಕೆ ಬಂದರೆ ಕಣದಲ್ಲಿ ಉಳಿಯುವವು ಮೂರು ನಾಲ್ಕು ಮಾತ್ರ. ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ದುರಸ್ತಿಯ ಅಂಗಡಿ ಇಟ್ಟಿದ್ದ ಲಿಯೋ ಫೆಂಡರನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಈ ಮಾತು ವಾಚಕರಿಗೆ ಸೋಜಿಗವೆನಿಸಬಹುದು, ಆದರೆ ನಿಜ. ಕೆಟ್ಟುಹೋದ ಯಂತ್ರಗಳನ್ನು ಬಿಚ್ಚಿ ಬಿಚ್ಚಿ ಪಳಗಿದ ಆತನಿಗೆ ಗೊತ್ತಿದ್ದುದು ಒಂದು ಸಂಗತಿ: ಸುಲಭವಾಗಿ ಬಿಚ್ಚಲು ಬಾರದ್ದನ್ನು ಸುಲಭವಾಗಿ ಸರಿಪಡಿಸಲೂ ಬಾರದು. ಆದುದರಿಂದ ಆತ ಒಂದು ಮರದ ಹಲಗೆಗೆ ಕತ್ತನ್ನು ಅಂಟಿನಿಂದಲ್ಲ, ನಾಲ್ಕು ತಿರುಪುಗಳಿಂದ ಕೂಡಿಸಿದ. ಕತ್ತು ಸವೆದರೆ ಬಿಚ್ಚಿ ಬೇರೆಯದನ್ನು ಹಾಕಿದರಾಯಿತು. 1950ರಲ್ಲಿ ಹೊರಬಂದ ಈ ವಾದ್ಯಕ್ಕೆ ಮೊದಲು ಇಟ್ಟ ಬ್ರಾಡ್‌ಕಾಸ್ಟರ್ ಎಂಬ ಹೆಸರಿಗೆ ಇನ್ನೊಂದು ಕಂಪನಿಯ ತಮಟೆಗಳ ಹೆಸರು ಅಡ್ಡಬಂದುದರಿಂದ 1951ರಲ್ಲಿ ಟೆಲಿಕಾಸ್ಟರ್ ಎಂದು ಬದಲಾಯಿಸಿದರು. 1954ರಲ್ಲಿ ಅದರ ತಮ್ಮನಾಗಿ ಬಂದದ್ದು ಸ್ಟ್ರಾಟೋಕಾಸ್ಟರ್: ಎರಡು ಕೊಂಬು, ಮೂರು ಪಿಕಪ್, ನುಡಿಸುವವನ ಪಕ್ಕೆಗೆ ಚುಚ್ಚದಂತೆ ಕೆತ್ತಿದ ಬೆನ್ನು. ಈ ರೂಪ ಕಳೆದ ಎಪ್ಪತ್ತು ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲ. ಚಿಕ್ಕ ಮಗುವಿಗೆ ವಿದ್ಯುತ್ ಗಿಟಾರಿನ ಚಿತ್ರ ಬರೆಯೆಂದರೆ ಹೆಸರು ತಿಳಿಯದೆಯೇ ಇದನ್ನು ಬರೆಯುತ್ತದೆ. ರೂಪದ ಮಾತಾದರೆ ಪಟ್ಟ ಇದಕ್ಕೇ ಎಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ.

ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಯ ಕಥೆ ಬೇರೆ ತೆರ. 1952ರಲ್ಲಿ ಅದು ಹುಟ್ಟಿತು. ವಿದ್ಯುತ್ ದೀಪ, ಟ್ರಾನ್ಸ್‌ಫಾರ್ಮರುಗಳ ಸಾಮೀಪ್ಯದಲ್ಲಿ ಒಂಟಿ ಸುರುಳಿ ಗುಂಯ್‌ಗುಡುವುದನ್ನು ತಪ್ಪಿಸಲು ಸೆತ್ ಲವರ್ ಎಂಬಾತ ಎರಡು ಸುರುಳಿಗಳನ್ನು ಎದುರುಬದಿರಾಗಿ ಕೂಡಿಸಿ ಹಂಬಕರ್ ಎಂಬುದನ್ನು ರೂಪಿಸಿದ. 1957ರಿಂದ ಅದು ಲೆಸ್ ಪಾಲ್ ಗಿಟಾರಿನಲ್ಲಿ ಬಂದಿತು. 1958ರಿಂದ 1960ರವರೆಗೆ ಮುಳುಗುಸೂರ್ಯನ ಬಣ್ಣ ಹಚ್ಚಿ ಸುಮಾರು ಒಂದೂವರೆ ಸಾವಿರ ವಾದ್ಯಗಳನ್ನು ಮಾಡಿದರು. ಅವು ಸಾಲದಷ್ಟು ಮಾರಾಟವಾದುವೆಂದು ಆ ರೂಪವನ್ನೇ ಕೈಬಿಟ್ಟರು. 1966ರಲ್ಲಿ ಇಂಗ್ಲೆಂಡಿನ ಎರಿಕ್ ಕ್ಲಾಪ್ಟನ್ ಜಾನ್ ಮೇಯಲ್ಲನ ಮೇಳದ ಧ್ವನಿಮುದ್ರಿಕೆಯಲ್ಲಿ ಅಂಥದೊಂದು ಹಳೆಯ ವಾದ್ಯವನ್ನು ನುಡಿಸಿದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಕಂಪನಿಯವರು 1968ರಲ್ಲಿ ಮತ್ತೆ ತಯಾರಿಸತೊಡಗಿದರು. 1958ರಲ್ಲಿಯೇ ಬಂದ, ಬಾಣದ ತುದಿಯ ಆಕಾರದ ಫ್ಲೈಯಿಂಗ್ ವಿ ಎಂಬುದರ ಗತಿಯೂ ಹೀಗೆಯೇ. ಮೊದಲಲ್ಲಿ ಹೋದದ್ದು ನೂರಕ್ಕೂ ಕಡಿಮೆ. ಆಲ್ಬರ್ಟ್ ಕಿಂಗ್ ಎಂಬ ಎಡಗೈಯ ವಾದಕ ಅದನ್ನು ಹಿಡಿಯದಿದ್ದರೆ ಅದು ವಿಚಿತ್ರ ವಸ್ತುಗಳ ಸಾಲಿಗೆ ಸೇರಿಹೋಗುತ್ತಿತ್ತೋ ಏನೋ. ಪ್ರತಿಷ್ಠೆ ಮಾಡುವವನು ರೂಪಿಸಿದವನೊಬ್ಬನೇ ಅಲ್ಲವೆಂದು ಇದರಿಂದ ಹೇಳಬಹುದು. ವಾದ್ಯ ಅದೇ, ನಾದ ಅದೇ. ಕೇಳುವ ಕಿವಿ ಸಿದ್ಧವಾಗಲು ಎಂಟು ಹತ್ತು ವರ್ಷ ಬೇಕಾಯಿತು.

ಇನ್ನು ವ್ಯಕ್ತಿಗಳ ಮಾತು. ಇಲ್ಲಿ ವಿಚಾರ ಇನ್ನಷ್ಟು ಸ್ವಾರಸ್ಯವಾಗುತ್ತದೆ.

ಕ್ಲಾಪ್ಟನ್ನನ 'ಬ್ಲ್ಯಾಕಿ' ಎಂಬ ಕರಿಯ ಗಿಟಾರು ಪ್ರಸಿದ್ಧ. 1970ರಲ್ಲಿ ಆತ ನ್ಯಾಶ್ವಿಲ್‌ನ ಅಂಗಡಿಯೊಂದರಲ್ಲಿ ಹಳೆಯ ಸ್ಟ್ರಾಟೋಕಾಸ್ಟರುಗಳನ್ನು ಅಗ್ಗವಾಗಿ ಕೊಂಡು, ಮೂರನ್ನು ಗೆಳೆಯರಿಗೆ ಕೊಟ್ಟು, ಉಳಿದ ಮೂರನ್ನು ಬಿಚ್ಚಿ, ಒಂದರ ಕತ್ತು, ಇನ್ನೊಂದರ ಒಡಲು, ಮತ್ತೊಂದರ ಪಿಕಪ್ಪು ಎಂದು ಆರಿಸಿ ಕೂಡಿಸಿದ್ದು ಅದು. 2004ರಲ್ಲಿ ಅದು 9,59,500 ಡಾಲರಿಗೆ ಹರಾಜಾಯಿತು. ಆ ಹಣ ಕುಡಿತ ಮತ್ತು ಮಾದಕವಸ್ತುಗಳ ಚಟದಿಂದ ಬಿಡಿಸುವ ಒಂದು ಚಿಕಿತ್ಸಾಲಯಕ್ಕೆ ಹೋಯಿತು. ಈಗ ಯೋಚಿಸಿ. 'ಮಿಲಿಂದಪಞ್ಹ'ದಲ್ಲಿ ಭಿಕ್ಷು ನಾಗಸೇನ ಯವನರಾಜನಾದ ಮಿಲಿಂದನನ್ನು ಕೇಳುತ್ತಾನೆ: ಗಾಲಿಯೇ ರಥವೇ? ಅಚ್ಚೇ ರಥವೇ? ನೊಗವೇ ರಥವೇ? ರಾಜ ಒಂದೊಂದಕ್ಕೂ ಅಲ್ಲವೆನ್ನುತ್ತಾನೆ. ಬ್ಲ್ಯಾಕಿ ಎಂಬುದು ಕತ್ತೇ, ಒಡಲೇ, ಸುರುಳಿಯೇ? ಕೂಡಿಸುವ ಮೊದಲು ಅದು ಎಲ್ಲಿಯೂ ಇರಲಿಲ್ಲ. ನಾಗಸೇನ ಹರಾಜಿನ ಕೋಣೆಯಲ್ಲಿದ್ದಿದ್ದರೆ ಹಣ ಕೊಟ್ಟವರನ್ನು ಕೇಳಬಹುದಾಗಿದ್ದ ಪ್ರಶ್ನೆಗಳು ಬಹಳ.

ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋದದ್ದು ಬಿ. ಬಿ. ಕಿಂಗನ 'ಲೂಸಿಲ್'. 1949ರ ಚಳಿಗಾಲದಲ್ಲಿ ಅರ್ಕನ್ಸಾಸ್ ಸೀಮೆಯ ಟ್ವಿಸ್ಟ್ ಎಂಬ ಹಳ್ಳಿಯ ನೃತ್ಯದ ಮನೆಯೊಂದರಲ್ಲಿ ಆತ ಹಾಡುತ್ತಿದ್ದ. ಬೆಚ್ಚಗಾಗಲೆಂದು ಪೀಪಾಯಿಯಲ್ಲಿ ಸೀಮೆಎಣ್ಣೆ ಉರಿಸಿ ನಡುವೆ ಇಟ್ಟಿದ್ದರು. ಇಬ್ಬರು ಜಗಳವಾಡಿ ಅದನ್ನು ಉರುಳಿಸಿದರು, ಮನೆಗೆ ಬೆಂಕಿ ಹತ್ತಿತು. ಹೊರಗೆ ಓಡಿಬಂದ ಕಿಂಗ್ ಗಿಟಾರು ಒಳಗೆ ಉಳಿಯಿತೆಂದು ಮತ್ತೆ ಬೆಂಕಿಯೊಳಗೆ ನುಗ್ಗಿದ. ಜಗಳವಾಡಿದ್ದು ಲೂಸಿಲ್ ಎಂಬ ಹೆಂಗಸಿನ ಸಲುವಾಗಿ ಎಂದು ಮಾರನೆಯ ದಿನ ತಿಳಿಯಿತು. ಇನ್ನು ಇಂಥ ಮೂರ್ಖತನವನ್ನು ಮಾಡಬಾರದೆಂದು ತನಗೆ ನೆನಪಿರಲು ಗಿಟಾರಿಗೆ ಆ ಹೆಸರನ್ನಿಟ್ಟ. ಮುಂದೆ 2015ರಲ್ಲಿ ತೀರಿಕೊಳ್ಳುವವರೆಗೂ ಆತ ಹಿಡಿದ ಮುಖ್ಯ ಗಿಟಾರುಗಳೆಲ್ಲ ಲೂಸಿಲ್‌ಗಳೇ. ಬೆಂಕಿಯಿಂದ ಹೊರಗೆ ತಂದದ್ದು ಮೂವತ್ತು ಡಾಲರಿನ ಸಾಧಾರಣ ಗಿಟಾರು. ಜಗತ್ತು ಚಿತ್ರಗಳಲ್ಲಿ ಕಂಡದ್ದು ಕರಿಯ ಮಿರುಗಿನ, ಚಿನ್ನದ ಬಣ್ಣದ ಬಿರಡೆಗಳ ಗಿಬ್ಸನ್. ಮರ ಬದಲಾಯಿತು, ತಂತಿ ಬದಲಾಯಿತು, ರೂಪ ಬದಲಾಯಿತು, ಹೆಸರು ಉಳಿಯಿತು. ಇಲ್ಲಿ ಜಾತಿಯೂ ಇಲ್ಲ, ವ್ಯಕ್ತಿಯೂ ಇಲ್ಲ. ಒಬ್ಬ ಮನುಷ್ಯನ ಕೈ ಯಾವುದನ್ನು ಮುಟ್ಟಿತೋ ಅದು ಲೂಸಿಲ್. ಮೂರ್ತಿ ಒಡೆದಾಗ ಹೊಸ ಮೂರ್ತಿಗೆ ಕಳೆಯನ್ನು ಇಳಿಸುವ ನಮ್ಮ ಪದ್ಧತಿಗೆ ಇದು ಎಷ್ಟು ಹತ್ತಿರ!

ಹಾಗಾದರೆ ಹಿರಿಮೆ ಎಲ್ಲವೂ ಕೈಯದೇ ಎನ್ನೋಣವೇ? ಜಿಮಿ ಹೆಂಡ್ರಿಕ್ಸನ ಬಿಳಿಯ ಸ್ಟ್ರಾಟೋಕಾಸ್ಟರು ಹಾಗೆ ಹೇಳುವವರಿಗೆ ದೊಡ್ಡ ಬಲ. 1969ರ ಆಗಸ್ಟ್ 18ರ ಸೋಮವಾರ ಬೆಳಗ್ಗೆ, ವುಡ್‌ಸ್ಟಾಕ್ ಉತ್ಸವಕ್ಕೆ ನೆರೆದಿದ್ದ ಲಕ್ಷಾಂತರ ಜನರಲ್ಲಿ ಬಹುಪಾಲು ಮನೆಗೆ ಹೊರಟುಹೋದ ಮೇಲೆ, ಆತ ಅಮೆರಿಕದ ರಾಷ್ಟ್ರಗೀತೆಯನ್ನು ಆ ವಾದ್ಯದಲ್ಲಿ ನುಡಿಸಿದ. ಸ್ವರಗಳ ನಡುವೆ ಬಾಂಬು ಬೀಳುವ ಸದ್ದು, ವಿಮಾನದ ಮೊರೆತ, ಚೀತ್ಕಾರ. ವಿಯೆಟ್ನಾಮಿನ ಯುದ್ಧ ನಡೆಯುತ್ತಿದ್ದ ಕಾಲ ಅದು. ಟೊಳ್ಳು ವಾದ್ಯಗಳ ದೋಷವೆಂದು ಹಿಂದಿನವರು ದೂರವಿಡಲು ಹೆಣಗಿದ ಆ ಊಳನ್ನೇ ಆತ ಮಾತಾಗಿ ಮಾಡಿದ. ಬಲಗೈಯವರಿಗೆಂದು ಮಾಡಿದ ವಾದ್ಯವನ್ನು ಎಡಗೈಯವನಾದ ಆತ ತಲೆಕೆಳಗು ಮಾಡಿ ಹಿಡಿದಿದ್ದ. ಆ ವಾದ್ಯವಾದರೋ 1968ರಲ್ಲಿ ಕಾರ್ಖಾನೆಯಿಂದ ಬಂದ ಸಾವಿರಾರರಲ್ಲಿ ಒಂದು. ಅಷ್ಟೇ ಅಲ್ಲ. 1965ರ ಜನವರಿಯಲ್ಲಿ ಲಿಯೋ ಫೆಂಡರ್ ಕಂಪನಿಯನ್ನು ಸಿಬಿಎಸ್ ಎಂಬ ದೊಡ್ಡ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ ಮೇಲೆ ತಯಾರಾದ ವಾದ್ಯಗಳು ಕೀಳೆಂದು ಸಂಗ್ರಾಹಕರು ಮೂಗು ಮುರಿಯುತ್ತಾರೆ. ಆ ಕೀಳು ಕಾಲದ ಒಂದು ವಾದ್ಯವೇ ಈಗ ಸಿಯಾಟಲ್ ನಗರದ ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗೆ ಮೂರ್ತಿಯಾಗಿ ಕುಳಿತಿದೆ.

ಅದೇ ಹೆಂಡ್ರಿಕ್ಸ್ 1967ರಲ್ಲಿ ಮಾಂಟರೆಯಲ್ಲಿ ಒಂದು ಗಿಟಾರಿಗೆ ಬೆಂಕಿ ಹಚ್ಚಿದ. ಪೀಟ್ ಟೌನ್‌ಶೆಂಡ್ 1964ರಿಂದ ರಂಗದ ಮೇಲೆ ಗಿಟಾರುಗಳನ್ನು ಬಡಿದು ಮುರಿಯುತ್ತಿದ್ದ. ವಾದ್ಯಕ್ಕೆ ಕಾಲು ಸೋಕಿದರೆ ಕಣ್ಣಿಗೊತ್ತಿಕೊಳ್ಳುವ, ಆಯುಧಪೂಜೆಯ ದಿನ ಕುಂಕುಮವಿಟ್ಟು ಕೈಮುಗಿಯುವ ನಮ್ಮಂಥವರಿಗೆ ಇದು ಸಹಿಸುವ ಮಾತಲ್ಲ. ಅದನ್ನು ಕಲೆಯೆಂದು ಸಮರ್ಥಿಸುವ ಪಂಡಿತರಿದ್ದಾರೆ. ನಾವು ಆ ಪಕ್ಷಕ್ಕೆ ಸೇರಿದವರಲ್ಲ. ಬಿ. ಬಿ. ಕಿಂಗ್ ಬೆಂಕಿಯೊಳಗೆ ನುಗ್ಗಿದ ಎಂಬುದನ್ನು ಓದಿದ ಮೇಲೆ ಬೆಂಕಿ ಹಚ್ಚಿದವನ ಚಿತ್ರ ನಮಗೆ ರುಚಿಸಲಿಲ್ಲವೆಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ.

ಕೈಯೇ ಸರ್ವಸ್ವವೆಂದು ಒಪ್ಪಿದರೆ ಎದುರಾಗುವ ಕಷ್ಟವೊಂದಿದೆ. ಹಾಗಿದ್ದಲ್ಲಿ ಕೈ ಹೋದ ಮೇಲೆ ವಾದ್ಯದಲ್ಲಿ ಏನೂ ಉಳಿಯಬಾರದು. ಅದನ್ನು ಸೌದೆಯ ಬೆಲೆಗೆ ಮಾರಬೇಕು. ನಡೆಯುತ್ತಿರುವುದು ಇದಕ್ಕೆ ತೀರ ವಿರುದ್ಧ. ಡೇವಿಡ್ ಗಿಲ್ಮರನ ಕರಿಯ ಸ್ಟ್ರಾಟೋಕಾಸ್ಟರು 2019ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ 39 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ಆತ ತನ್ನ ಸಂಗ್ರಹದ ಹರಾಜಿನಿಂದ ಬಂದ 2 ಕೋಟಿಗೂ ಹೆಚ್ಚಿನ ಡಾಲರುಗಳನ್ನು ಪರಿಸರದ ಪರವಾಗಿ ನ್ಯಾಯಾಲಯಗಳಲ್ಲಿ ಹೋರಾಡುವ ಸಂಸ್ಥೆಯೊಂದಕ್ಕೆ ಕೊಟ್ಟುಬಿಟ್ಟ. ಕೊಟ್ಟವನ ಕಥೆ ನಮಗೆ ಕೊಂಡವರ ಕಥೆಗಿಂತ ಹೆಚ್ಚು ಹಿಡಿಸುತ್ತದೆ. 2022ರಲ್ಲಿ ಕರ್ಟ್ ಕೊಬೇನನ ಮಸ್ಟಾಂಗ್ ಗಿಟಾರಿಗೆ 45 ಲಕ್ಷ ಡಾಲರು ಬಂದಿತು. ಇನ್ನೂ ಆಶ್ಚರ್ಯ, ಹೊಸ ವಾದ್ಯಗಳಿಗೆ ಕಾರ್ಖಾನೆಯಲ್ಲಿಯೇ ಗೀರು ಹಾಕಿ, ಬಣ್ಣ ಕೆರೆದು, ಲೋಹಕ್ಕೆ ತುಕ್ಕು ಹಿಡಿಸಿ, ಹಳೆಯದರಂತೆ ಮಾಡಿ ಹೆಚ್ಚಿನ ಬೆಲೆಗೆ ಮಾರುವ ಪದ್ಧತಿ 1990ರ ದಶಕದಿಂದ ನಡೆದುಬಂದಿದೆ. ಎಡ್ಡಿ ವ್ಯಾನ್ ಹೇಲನ್ 1970ರ ದಶಕದಲ್ಲಿ ಐವತ್ತು ಡಾಲರಿನ ಒಡಲು, ಎಂಬತ್ತು ಡಾಲರಿನ ಕತ್ತು ಕೂಡಿಸಿ, ಪಟ್ಟಿ ಪಟ್ಟಿಯಾಗಿ ಬಣ್ಣ ಬಳಿದು, ಕೈಯಲ್ಲಿ ಹಣವಿಲ್ಲದ ಹುಡುಗನ ಚಾತುರ್ಯದಿಂದ ಒಂದು ಗಿಟಾರು ಮಾಡಿಕೊಂಡಿದ್ದ. 2007ರಲ್ಲಿ ಅದರ ಗೀರು, ಸುಟ್ಟ ಕಲೆಗಳನ್ನೆಲ್ಲ ಯಥಾವತ್ತಾಗಿ ನಕಲು ಮಾಡಿ 25,000 ಡಾಲರಿಗೆ ಒಂದರಂತೆ ಮಾರಿದರು. ಬಡತನದ ಗುರುತುಗಳನ್ನು ಧನಿಕರಿಗೆ ಮಾರುವ ಈ ವ್ಯಾಪಾರವನ್ನು ಏನೆನ್ನೋಣ? ದುಡಿಯದ ಕೈಗೆ ಕಾಯಿಯನ್ನು ಅಂಟಿಸಿಕೊಂಡಂತೆ ಎನ್ನಬಹುದೇನೋ.

ನಮ್ಮ ಪ್ರಶ್ನೆ ನೀತಿಯ ಪ್ರಶ್ನೆಯಾಗುವುದು ಇಲ್ಲಿಂದ. ಗೌರವ ವಸ್ತುವಿನ ಮೇಲೆ ಹೀಗೆ ಮಡುಗಟ್ಟಿ ನಿಂತಾಗ ಯಾರ ಪಾಲು ಅವರಿಗೆ ತಲಪದೆ ಉಳಿಯುತ್ತದೆ?

ಸಿಸ್ಟರ್ ರೊಸೆಟಾ ತಾರ್ಪ್ ಎಂಬ ಕಪ್ಪು ಹೆಣ್ಣುಮಗಳು 1915ರಲ್ಲಿ ಅರ್ಕನ್ಸಾಸಿನಲ್ಲಿ ಹುಟ್ಟಿದಳು. ದೇವರ ಹಾಡುಗಳನ್ನು ಗಿಟಾರಿನೊಂದಿಗೆ ಹಾಡುತ್ತ ಬೆಳೆದಳು. 1938ರಲ್ಲಿ ಆಕೆಯ ಮೊದಲ ಧ್ವನಿಮುದ್ರಿಕೆಗಳು ಬಂದುವು. ಮುಂದೆ ರಾಕ್ ಎಂದು ಹೆಸರು ಪಡೆದ ಸಂಗೀತದ ಬೆರಳಾಟ ಬಹುಮಟ್ಟಿಗೆ ಆಕೆಯಲ್ಲಿ ಆಗಲೇ ಇತ್ತು. 1964ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಹಳೆಯ ರೈಲು ನಿಲ್ದಾಣವೊಂದರಲ್ಲಿ ಟೆಲಿವಿಷನ್ನಿಗಾಗಿ ಕಛೇರಿ ಏರ್ಪಡಿಸಿದ್ದರು. ಒಂದು ಪ್ಲಾಟ್‌ಫಾರಮಿನಲ್ಲಿ ಕೇಳುವವರು, ಎದುರಿನ ಪ್ಲಾಟ್‌ಫಾರಮಿನಲ್ಲಿ ಆಕೆ. ಮಳೆ ಬಂದು ನೆಲವೆಲ್ಲ ತೊಯ್ದಿತ್ತು. ಮೇಲಂಗಿ ತೊಟ್ಟು, ಬಿಳಿಯ ಗಿಬ್ಸನ್ ಗಿಟಾರನ್ನು ಕೊರಳಿಗೆ ಹಾಕಿಕೊಂಡು ಆಕೆ ನುಡಿಸಿದಳು. ಆ ಚಿತ್ರ ಇಂದಿಗೂ ನೋಡಲು ಸಿಗುತ್ತದೆ. 1973ರಲ್ಲಿ ಫಿಲಡೆಲ್ಫಿಯದಲ್ಲಿ ಆಕೆ ತೀರಿಕೊಂಡಳು. ಆಕೆಯ ಗೋರಿಗೆ ದಶಕಗಳ ಕಾಲ ಹೆಸರಿನ ಕಲ್ಲೇ ಇರಲಿಲ್ಲ. ರಾಕ್ ಸಂಗೀತದ ಗೌರವಮಂದಿರಕ್ಕೆ ಆಕೆಯ ಹೆಸರು ಸೇರಿದ್ದು 2018ರಲ್ಲಿ. ಅತ್ಯಂತ ಹಿರಿಯ ಗಿಟಾರು ಯಾವುದೆಂದು ಎಷ್ಟೋ ಪಟ್ಟಿಗಳು ಅಷ್ಟರೊಳಗೆ ತಯಾರಾಗಿದ್ದುವು. ಪಟ್ಟಿಗಳು ಯಾರ ಕೈಯಲ್ಲಿದ್ದುವೋ ಅವರ ನೆನಪಿನಷ್ಟೇ ಉದ್ದವಾಗಿದ್ದುವು.

ಕಾರ್ಖಾನೆಯ ಕೈಗಳ ಕಥೆಯೂ ಹೀಗೆಯೇ. ಅಬಿಗೇಲ್ ಇಬಾರಾ ಎಂಬಾಕೆ 1956ರಲ್ಲಿ ಫೆಂಡರ್ ಕಾರ್ಖಾನೆಗೆ ಸೇರಿ, ತಾಮ್ರದ ತಂತಿಯನ್ನು ಸುರುಳಿ ಸುತ್ತುತ್ತ 2013ರವರೆಗೆ ಕೆಲಸ ಮಾಡಿದರು. ಐವತ್ತೇಳು ವರ್ಷ! ಟಾಡಿಯೋ ಗೋಮೆಜ್ ಎಂಬಾತ 1950ರ ದಶಕದಲ್ಲಿ ಕತ್ತುಗಳನ್ನು ಉಜ್ಜಿ ರೂಪಕ್ಕೆ ತಂದು, ತುದಿಯಲ್ಲಿ ತನ್ನ ಹೆಸರಿನ ಎರಡು ಮೊದಲಕ್ಷರಗಳನ್ನೂ ತಾರೀಖನ್ನೂ ಪೆನ್ಸಿಲಿನಿಂದ ಬರೆಯುತ್ತಿದ್ದ. ಸಂಗ್ರಾಹಕರು ಈಗ ತಿರುಪು ಬಿಚ್ಚಿ ಆ ಅಕ್ಷರಗಳನ್ನು ಹುಡುಕುತ್ತಾರೆ, ಸಿಕ್ಕರೆ ಬೆಲೆ ಏರುತ್ತದೆ. ಲಿಯೋ ಫೆಂಡರನ ಹೆಸರು ವಾದ್ಯದ ತಲೆಯ ಮೇಲೆ, ಗೋಮೆಜನ ಹೆಸರು ಕತ್ತಿನ ಬುಡದಲ್ಲಿ, ಒಡಲೊಳಗೆ ಮರೆಯಾಗಿ. ನಾದಕ್ಕೆ ಎರಡೂ ಬೇಕಾಗಿತ್ತು.

ಮರದ ಮಾತನ್ನೂ ಬಿಡುವಂತಿಲ್ಲ. ಬೆರಳಾಡುವ ಹಲಗೆಗೆ ಅಮೆರಿಕದವರು ಬಹುಕಾಲ ಬ್ರೆಜಿಲ್ ದೇಶದ ರೋಸ್‌ವುಡ್ಡನ್ನು ಬಳಸಿದರು. ಆ ಕಾಡು ಬರಿದಾಗುತ್ತ ಬಂದು, 1960ರ ದಶಕದ ಉತ್ತರಾರ್ಧದಲ್ಲಿ ಹೆಸರಾಂತ ತಯಾರಕರು ಭಾರತದ ರೋಸ್‌ವುಡ್ಡಿಗೆ ತಿರುಗಿದರು. ಅದು ಬೇರೆ ಯಾವುದೂ ಅಲ್ಲ, ವಯನಾಡು, ನೀಲಗಿರಿ, ಕೊಡಗಿನ ಕಾಡುಗಳಲ್ಲಿ ನಾವು ಬೀಟೆ ಎಂದು ಕರೆಯುವ ಮರವೇ. 1992ರಲ್ಲಿ ಬ್ರೆಜಿಲಿನ ಮರದ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಅತ್ಯಂತ ಕಠಿಣವಾದ ನಿರ್ಬಂಧ ಬಂದಿತು. 2017ರಲ್ಲಿ ಆ ಕುಲದ ಉಳಿದ ಮರಗಳೂ ಕಟ್ಟಳೆಯ ಒಳಗೆ ಬಂದುವು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ಸಡಿಲಿಕೆ ದೊರೆಯಿತು. ಗಿಟಾರಿನ ಪಟ್ಟಿಗಳಲ್ಲಿ ವಾದಕನಿಗೆ ಸ್ಥಳವಿದೆ, ಕಂಪನಿಗೆ ಸ್ಥಳವಿದೆ. ನೂರಾರು ಮಳೆಗಾಲಗಳನ್ನು ಉಂಡು ಕರಗೆಂಪಾದ ಬೀಟೆಗೆ ಮಾತ್ರ ಸ್ಥಳವಿಲ್ಲ. ವಯನಾಡಿನ, ನೀಲಗಿರಿಯ ಶಾಲೆಗಳ ಮಕ್ಕಳಾದರೂ ಇದನ್ನು ಗಮನಿಸಬೇಕು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೀಗೆ ಪಾಲು ಹಂಚುತ್ತ ಹೋದರೆ ಹಿರಿಮೆಯೆಂಬುದೇ ಹುಡಿಯಾಗಿ ಹೋಗುವುದಿಲ್ಲವೇ? ಮೂರ್ತಿಯನ್ನೇ ಬೇಡವೆಂದರೆ ನೆನಪು ನಿಲ್ಲುವುದೆಲ್ಲಿ? ಆಕ್ಷೇಪ ಬಲವಾದದ್ದು. ಬೆಂಗಳೂರಿನಲ್ಲಿ 1980ರಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿಯೇ ಇದೆ. ಅದನ್ನು ನೋಡಿ ಚೌಡಯ್ಯನವರು ಯಾರೆಂದು ಕೇಳಿದ ಹುಡುಗರು ಎಷ್ಟೋ ಮಂದಿ. ವಸ್ತು ಇಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಆದುದರಿಂದ ವಸ್ತುವನ್ನು ಗೌರವಿಸುವುದು ತಪ್ಪೆಂದು ನಾವು ಹೇಳುವವರಲ್ಲ. ಯಾವ ವಸ್ತು ನಮ್ಮನ್ನು ತನ್ನಿಂದ ಆಚೆಗೆ, ಮಾಡಿದ ಕೈಗೂ ನುಡಿಸಿದ ಕೈಗೂ ಕರೆದೊಯ್ಯುವುದೋ ಅದು ಮೂರ್ತಿ. ಯಾವುದು ಬೆಲೆಚೀಟಿಯ ಹತ್ತಿರವೇ ನಮ್ಮನ್ನು ನಿಲ್ಲಿಸಿಬಿಡುವುದೋ ಅದು ಸರಕು. ಒಂದೇ ವಾದ್ಯ ಇಂದು ಮೂರ್ತಿಯಾಗಿ ನಾಳೆ ಸರಕಾಗಬಹುದು, ಸರಕಾಗಿದ್ದುದು ಮತ್ತೆ ಮೂರ್ತಿಯೂ ಆಗಬಹುದು. ಐರ್ಲೆಂಡಿನ ರೋರಿ ಗ್ಯಾಲಗರನ ಗಿಟಾರಿಗೆ ಆದದ್ದು ಹೀಗೆಯೇ. 1963ರಲ್ಲಿ ಕಾರ್ಕ್ ನಗರದ ಅಂಗಡಿಯಲ್ಲಿ ನೂರು ಪೌಂಡಿಗೆ ಆತ ಕೊಂಡ ಸ್ಟ್ರಾಟೋಕಾಸ್ಟರು ಆತನ ಬೆವರಿಗೆ ಬಣ್ಣವೆಲ್ಲ ಸುಲಿದು ಬರಿಮರವಾಗಿತ್ತು. ಅದಕ್ಕೆ ಕಾರ್ಖಾನೆಯವರು ಗೀರು ಹಾಕಬೇಕಾಗಿರಲಿಲ್ಲ. 2024ರಲ್ಲಿ ಅದು ಲಂಡನ್ನಿನ ಹರಾಜಿಗೆ ಬಂದು ಸುಮಾರು 8 ಲಕ್ಷ 90 ಸಾವಿರ ಪೌಂಡಿಗೆ ಹೋದಾಗ ಯಾವನೋ ಧನಿಕನ ಕಪಾಟನ್ನು ಸೇರಿತೆಂದು ಜನ ಮರುಗಿದ್ದರೆ ಸಹಜವಾಗುತ್ತಿತ್ತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ದಾನ ಮಾಡಿದರು.

ಇಷ್ಟೆಲ್ಲ ಹೇಳಿ ನಮ್ಮ ಆಯ್ಕೆಯನ್ನು ಹೇಳದೆ ಜಾರಿಕೊಳ್ಳುವುದು ಸರಿಯಲ್ಲ. ಜಾತಿಗಳಲ್ಲಿ ರೂಪಕ್ಕೆ ಸ್ಟ್ರಾಟೋಕಾಸ್ಟರು ಎಂದು ಆಗಲೇ ಒಪ್ಪಿದ್ದೇವೆ, ಆದರೂ ಮನಸ್ಸು ಒಲಿಯುವುದು ಟೆಲಿಕಾಸ್ಟರಿಗೆ. ನಾಲ್ಕು ತಿರುಪಿನ ಆ ಪ್ರಾಮಾಣಿಕತೆ ನಮಗೆ ಪ್ರಿಯ. ವ್ಯಕ್ತಿಗಳಲ್ಲಿ ಹೆಚ್ಚಿನವರು ಹೆಂಡ್ರಿಕ್ಸನ ಬಿಳಿಯ ವಾದ್ಯವನ್ನೇ ಹೇಳುವರು, ಅವರೊಂದಿಗೆ ನಮಗೆ ಜಗಳವಿಲ್ಲ. ನಾವು ಮಾತ್ರ ಇಂಗ್ಲೆಂಡಿನ ಬ್ರಯಾನ್ ಮೇ ಎಂಬಾತನ 'ರೆಡ್ ಸ್ಪೆಷಲ್' ಅನ್ನು ಹೇಳುತ್ತೇವೆ, ಅದೂ ಈ ಪತ್ರಿಕೆಯನ್ನು ಓದುವವರು ಉಪಾಧ್ಯಾಯರೂ ವಿದ್ಯಾರ್ಥಿಗಳೂ ಎಂಬುದನ್ನು ನೆನೆದು.

1963ರಲ್ಲಿ ಆತ ಇನ್ನೂ ಶಾಲೆಯ ಹುಡುಗ. ಸ್ಟ್ರಾಟೋಕಾಸ್ಟರು ಕೊಳ್ಳುವ ಶಕ್ತಿ ಮನೆಗಿರಲಿಲ್ಲ. ತಂದೆ ಹೆರಾಲ್ಡ್ ಮೇ ಎಲೆಕ್ಟ್ರಾನಿಕ್ಸ್ ಬಲ್ಲವರು. ತಂದೆ ಮಗ ಕೂಡಿ ಎರಡು ವರ್ಷ ದುಡಿದು ಗಿಟಾರನ್ನು ಮನೆಯಲ್ಲಿಯೇ ಮಾಡಿದರು. ಕತ್ತಿಗೆ ನೂರು ವರ್ಷಕ್ಕೂ ಹಳೆಯ ಬೆಂಕಿಗೂಡಿನ ಮೇಲ್ಹಲಗೆಯ ಮರ. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುಂಬಿದರು. ಒಡಲಿನ ನಡುವಿಗೆ ಹಳೆಯ ಮೇಜಿನ ಓಕ್ ಮರ. ಸ್ವರಸ್ಥಾನದ ಗುರುತುಗಳಿಗೆ ತಾಯಿಯ ಹೊಲಿಗೆ ಪೆಟ್ಟಿಗೆಯ ಮುತ್ತುಚಿಪ್ಪಿನ ಗುಂಡಿಗಳು. ತಂತಿಯನ್ನು ಎಳೆದು ಬಿಡುವ ಸಾಧನಕ್ಕೆ ಹಳೆಯ ಮೋಟಾರ್ ಸೈಕಲ್ಲಿನ ಸ್ಪ್ರಿಂಗುಗಳು, ಅದರ ಹಿಡಿಯ ತುದಿಗೆ ಹೆಣಿಗೆಯ ಕಡ್ಡಿಯ ಚೂರು. ಒಟ್ಟು ತಗುಲಿದ ವೆಚ್ಚ ಸುಮಾರು ಎಂಟು ಪೌಂಡು. ಆ ವಾದ್ಯದೊಂದಿಗೆ ಆತ ಕ್ವೀನ್ ಎಂಬ ಮೇಳದಲ್ಲಿ ಜಗತ್ತನ್ನು ಸುತ್ತಿದ. ಅರ್ಧಕ್ಕೆ ಬಿಟ್ಟಿದ್ದ ಖಗೋಳವಿಜ್ಞಾನದ ಸಂಶೋಧನೆಯನ್ನು ಮತ್ತೆ ಕೈಗೆತ್ತಿಕೊಂಡು, ಗ್ರಹಗಳ ನಡುವಿನ ಧೂಳನ್ನು ಕುರಿತು ಪ್ರಬಂಧ ಬರೆದು, 2007ರಲ್ಲಿ ಅರುವತ್ತರ ವಯಸ್ಸಿನಲ್ಲಿ ಡಾಕ್ಟರ್ ಪದವಿಯನ್ನೂ ಪಡೆದ.

ಈ ವಾದ್ಯದಲ್ಲಿ ರೂಪಿಸಿದ ಕೈ, ಮಾಡಿದ ಕೈ, ನುಡಿಸಿದ ಕೈ ಬೇರೆ ಬೇರೆಯಾಗಿ ಇಲ್ಲ. ಗುಂಡಿಯನ್ನು ಮುಟ್ಟಿದರೆ ತಾಯಿ ಇದ್ದಾಳೆ, ಸುರುಳಿಯ ಜೋಡಣೆಯಲ್ಲಿ ತಂದೆ ಇದ್ದಾನೆ, ಮರಕ್ಕೂ ಎರಡನೆಯ ಜನ್ಮ ದೊರಕಿದೆ. 2002ರ ಜೂನ್ ತಿಂಗಳಲ್ಲಿ ರಾಣಿಯ ಸಿಂಹಾಸನಾರೋಹಣದ ಸುವರ್ಣೋತ್ಸವದಂದು ಬಕಿಂಗ್‌ಹ್ಯಾಮ್ ಅರಮನೆಯ ಮಾಡಿನ ಮೇಲೆ ನಿಂತು ಆತ ಆ ದೇಶದ ರಾಷ್ಟ್ರಗೀತೆಯನ್ನು ನುಡಿಸಿದ್ದು ಇದರಲ್ಲಿಯೇ. ತಂತಿ ಮೀಟಲು ಆತ ಬಳಸುವುದು ಚಲಾವಣೆಯಿಂದ ಹೋದ ಆರು ಪೆನ್ಸಿನ ನಾಣ್ಯ.